ಬೆವರಿನ ಹರಕೆ, ಡಾಲರಿನ ಕಾಣಿಕೆ

ಸೈಕಲ್ ತುಳಿದರೆ ಬೆವರು ಬರುತ್ತದೆ, ಹಣ ಬರುವುದಿಲ್ಲ. ಆದರೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ಶನಿವಾರ ಮತ್ತು ಭಾನುವಾರ ಆರು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಏರಿ ಹೊರಡುತ್ತಾರೆ. ಅವರಲ್ಲಿ ಅನೇಕರು ಎರಡು ದಿನಗಳಲ್ಲಿ ಸುಮಾರು 300 ಕಿ.ಮೀ. ದೂರ ಕ್ರಮಿಸುತ್ತಾರೆ. ‘ಪ್ಯಾನ್-ಮ್ಯಾಸ್ ಚಾಲೆಂಜ್’ ಎಂದು ಹೆಸರಾದ ಈ ಸವಾರಿಯಿಂದ 2024ರ ಒಂದೇ ವರ್ಷದಲ್ಲಿ ಬಾಸ್ಟನ್ ನಗರದ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸಂದದ್ದು 7.5 ಕೋಟಿ ಡಾಲರ್. 1980ರಿಂದ ಅಲ್ಲಿಯವರೆಗಿನ ಒಟ್ಟು ಮೊತ್ತ ನೂರು ಕೋಟಿ ಡಾಲರನ್ನು ದಾಟಿತು. ಇದು ಪಂದ್ಯವಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವಿಲ್ಲ. ರಸ್ತೆ ಬದಿಯಲ್ಲಿ ನಿಂತು ನೋಡುವವರು ಟಿಕೆಟ್ ಕೊಳ್ಳಬೇಕಿಲ್ಲ. ಹಾಗಾದರೆ ಈ ದುಡ್ಡು ಎಲ್ಲಿಂದ ಬಂತು? ಒಬ್ಬರು ಸೈಕಲ್ ತುಳಿದರೆ ಇನ್ನೊಬ್ಬರು ಹಣ ಏಕೆ ಕೊಡಬೇಕು?

ಹರಕೆ ಎಂಬ ಮಾತನ್ನು ಬಲ್ಲವರಿಗೆ ಈ ಪ್ರಶ್ನೆ ತೀರಾ ವಿಚಿತ್ರವೆನಿಸದು. ಶಿವರಾತ್ರಿ ಹತ್ತಿರವಾದಂತೆ ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ಜನ ನಡೆದೇ ಹೋಗುತ್ತಾರೆ. ಬಸ್ಸಿದೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ದೇಹ ದಣಿದಷ್ಟೂ ಬೇಡಿಕೆಗೆ ತೂಕ ಹೆಚ್ಚು ಎಂಬ ನಂಬಿಕೆ ಅಲ್ಲಿದೆ. ಅಮೆರಿಕದವರು ಮಾಡಿದ್ದು ಇದಕ್ಕೊಂದು ಲೆಕ್ಕದ ಪುಸ್ತಕ ಜೋಡಿಸುವ ಕೆಲಸ. ಅಲ್ಲಿ ದಣಿಯುವವರು ಒಬ್ಬರು, ಕಾಣಿಕೆ ಹಾಕುವವರು ಮತ್ತೊಬ್ಬರು, ಫಲ ಮೂರನೆಯವರಿಗೆ.

ಈ ಏರ್ಪಾಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1938ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪೋಲಿಯೊ ವಿರುದ್ಧ ರಾಷ್ಟ್ರೀಯ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅವರ ಕಾಲುಗಳ ಶಕ್ತಿಯನ್ನು ಕಸಿದದ್ದು ಪೋಲಿಯೊ ಎಂದೇ ಎಲ್ಲರೂ ತಿಳಿದಿದ್ದರು. ಹಾಸ್ಯನಟ ಎಡ್ಡಿ ಕ್ಯಾಂಟರ್ ರೇಡಿಯೊದಲ್ಲಿ, ಹತ್ತು ಸೆಂಟಿನ ‘ಡೈಮ್’ ನಾಣ್ಯವನ್ನು ನೇರವಾಗಿ ಶ್ವೇತಭವನಕ್ಕೆ ಅಂಚೆಯಲ್ಲಿ ಕಳಿಸಿ ಎಂದು ಜನರನ್ನು ಕೋರಿದ. ಲಕೋಟೆಗಳ ರಾಶಿಯೇ ಬಂದು ಬಿತ್ತು. ಸಿರಿವಂತರ ದೊಡ್ಡ ದಾನಕ್ಕಿಂತ ಸಾಮಾನ್ಯರ ಸಣ್ಣ ನಾಣ್ಯಗಳನ್ನು ನೆಚ್ಚಬಹುದು ಎಂಬುದು ಆಗ ತಿಳಿಯಿತು. ಪೋಲಿಯೊ ಲಸಿಕೆ ಬಂದ ಮೇಲೆ ಅದೇ ಸಂಸ್ಥೆ ನವಜಾತ ಶಿಶುಗಳ ಆರೋಗ್ಯದ ಕಡೆ ತಿರುಗಿತು. 1970ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೊನಿಯೊ ಮತ್ತು ಒಹಾಯೊದ ಕೊಲಂಬಸ್ ನಗರಗಳಲ್ಲಿ ನಡಿಗೆಯ ಮೂಲಕ ಹಣ ಕೂಡಿಸತೊಡಗಿತು. ನಡೆಯುವವರು ಮೊದಲೇ ಪರಿಚಿತರಿಂದ ವಾಗ್ದಾನ ಪಡೆದಿರುತ್ತಿದ್ದರು: ಮೈಲಿಗೆ ಇಷ್ಟು ಎಂದು. ಲಕೋಟೆಯಲ್ಲಿ ನಾಣ್ಯ ಹಾಕುವ ಕೈಯ ಜೊತೆಗೆ ಕಾಲೂ ಸೇರಿಕೊಂಡಿತು.

ಬಾಸ್ಟನ್ನಿನ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಅಲ್ಲಿಯ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗನಿದಾನ ತಜ್ಞರಿದ್ದರು. ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳು ಆಗ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಸಾಯುತ್ತಿದ್ದರು. ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ರಾಸಾಯನಿಕವನ್ನು ಕೊಟ್ಟರೆ ರೋಗ ಹಿಮ್ಮೆಟ್ಟೀತೇ ಎಂದು ಫಾರ್ಬರ್ ಯೋಚಿಸಿದರು. ಆ ರಾಸಾಯನಿಕಗಳು ಬಂದದ್ದು ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿಯ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ರಕ್ತದಲ್ಲಿನ ರಂಜಕವನ್ನು ಅಳೆಯುವ ‘ಫಿಸ್ಕ್-ಸುಬ್ಬರಾವ್ ವಿಧಾನ’ವನ್ನು ಜೀವರಸಾಯನ ಓದಿದವರು ಬಲ್ಲರು; ಅದೇ ಸುಬ್ಬರಾವ್. ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಅನ್ನು 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿಯಾದರೂ ಇಳಿಯಿತು. 1948ರ ಜೂನ್‌ನಲ್ಲಿ ಈ ವರದಿ ಪ್ರಕಟವಾಯಿತು. ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅವರಿಗೆ ಸಲ್ಲಬೇಕಾದಷ್ಟು ಹೆಸರು ಅಲ್ಲೂ ಸಲ್ಲಲಿಲ್ಲ, ಇಲ್ಲೂ ಸಲ್ಲಲಿಲ್ಲ.

ಔಷಧಿಯ ದಾರಿ ಕಂಡಿತು, ಸಂಶೋಧನೆಗೆ ಹಣ ಬೇಕಾಯಿತು. 1948ರ ಮೇ 22ರಂದು ರಾಷ್ಟ್ರೀಯ ರೇಡಿಯೊ ಕಾರ್ಯಕ್ರಮವೊಂದರಲ್ಲಿ ನಿರೂಪಕ ರಾಲ್ಫ್ ಎಡ್ವರ್ಡ್ಸ್ ಹಾಲಿವುಡ್‌ನಿಂದ ಬಾಸ್ಟನ್ನಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದ 12 ವರ್ಷದ ಹುಡುಗನೊಬ್ಬನ ಜೊತೆ ಮಾತನಾಡಿದರು. ಗುರುತು ಮರೆಮಾಚಲು ಅವನನ್ನು ‘ಜಿಮ್ಮಿ’ ಎಂದು ಕರೆಯಲಾಯಿತು. ಮಾತು ನಡೆಯುತ್ತಿರುವಾಗಲೇ ಅವನ ಮೆಚ್ಚಿನ ಬೇಸ್‌ಬಾಲ್ ತಂಡದ ಆಟಗಾರರು ಕೋಣೆಯೊಳಕ್ಕೆ ಬಂದರು. ಆಟ ನೋಡಲು ಜಿಮ್ಮಿಗೆ ಟೆಲಿವಿಷನ್ ಬೇಕು, ಹಣ ಕಳಿಸಿ ಎಂದು ಶ್ರೋತೃಗಳಿಗೆ ಮನವಿ ಹೋಯಿತು. ಎರಡು ಲಕ್ಷ ಡಾಲರಿಗೂ ಹೆಚ್ಚು ಬಂತು. ಹುಡುಗನಿಗೆ ಟೆಲಿವಿಷನ್ ಬಂತು. ‘ಜಿಮ್ಮಿ ನಿಧಿ’ ಹುಟ್ಟಿತು. ಆ ಹುಡುಗ ಬದುಕಿರಲಾರ ಎಂದೇ ಹೆಚ್ಚಿನವರು ಭಾವಿಸಿದ್ದರು. ಆದರೆ ಮೇನ್ ರಾಜ್ಯದ ಐನಾರ್ ಗುಸ್ಟಾಫ್ಸನ್ ಎಂಬವರೇ ಆ ಜಿಮ್ಮಿ ಎಂದು 1998ರಲ್ಲಿ, ಐವತ್ತು ವರ್ಷಗಳ ನಂತರ, ಲೋಕಕ್ಕೆ ತಿಳಿಯಿತು. ಅವರು 2001ರವರೆಗೆ ಬದುಕಿದ್ದರು.

ಈ ನಿಧಿಗೆ ಸೈಕಲ್ ಬಂದು ಸೇರಿದ್ದು 1980ರಲ್ಲಿ. ಬಿಲ್ಲಿ ಸ್ಟಾರ್ ಎಂಬ ಯುವಕನ ತಾಯಿ 1974ರಲ್ಲಿ ಚರ್ಮದ ಕ್ಯಾನ್ಸರಿನಿಂದ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ದುಃಖವನ್ನು ಏನು ಮಾಡಬೇಕೆಂದು ತಿಳಿಯದ ಈತನಿಗೆ ಗೊತ್ತಿದ್ದದ್ದು ದೂರದ ಸೈಕಲ್ ಸವಾರಿ. 36 ಮಂದಿಯ ಗುಂಪು ಸ್ಪ್ರಿಂಗ್‌ಫೀಲ್ಡ್‌ನಿಂದ ಹೊರಟು ರಾಜ್ಯದ ಪೂರ್ವ ತುದಿ, ಸಮುದ್ರದೊಳಕ್ಕೆ ಕೊಕ್ಕೆಯಂತೆ ಬಾಗಿದ ಕೇಪ್ ಕಾಡ್‌ನ ಪ್ರಾವಿನ್ಸ್‌ಟೌನ್ ತಲುಪಿತು. ಸಂಗ್ರಹವಾದದ್ದು 10,200 ಡಾಲರ್. ಅದೇ ವರ್ಷ ಏಪ್ರಿಲ್‌ನಲ್ಲಿ ಕೆನಡಾದಲ್ಲಿ 21 ವರ್ಷದ ಟೆರಿ ಫಾಕ್ಸ್, ಮೂಳೆ ಕ್ಯಾನ್ಸರಿಗೆ ಬಲಗಾಲು ಕಳೆದುಕೊಂಡವನು, ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟಿದ್ದ. 143 ದಿನಗಳಲ್ಲಿ 5,373 ಕಿ.ಮೀ. ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದು ತಿಳಿದು ನಿಲ್ಲಬೇಕಾಯಿತು. ಮರುವರ್ಷ ಜೂನ್‌ನಲ್ಲಿ ಆತ ತೀರಿಕೊಂಡ. ಅವನ ಓಟ ಮುಗಿಯಲಿಲ್ಲ. ನಿಧಿ ಮಾತ್ರ ಪ್ರತಿ ಕೆನಡಾ ಪ್ರಜೆಗೆ ಒಂದು ಡಾಲರಿನಂತೆ 2.4 ಕೋಟಿ ದಾಟಿತ್ತು.

ಸ್ಟಾರ್ ಟೆರಿ ಫಾಕ್ಸ್‌ನಂಥ ವೀರನಲ್ಲ. ಆದರೆ ವೀರರನ್ನು ನೆಚ್ಚದೆ ವರ್ಷ ವರ್ಷವೂ ನಡೆಯುವ ಏರ್ಪಾಟನ್ನು ಕಟ್ಟುವ ಜಾಣ್ಮೆ ಆತನಿಗಿತ್ತು. ಸವಾರಿಗೆ ಹೆಸರು ಕೊಡುವವರು ಕನಿಷ್ಠ ಇಷ್ಟು ಸಾವಿರ ಡಾಲರ್ ಕೂಡಿಸುವೆನೆಂದು ಒಪ್ಪಿಕೊಂಡು ಕ್ರೆಡಿಟ್ ಕಾರ್ಡಿನ ಸಂಖ್ಯೆ ಕೊಡಬೇಕು. ಕೂಡಿಸಿದ್ದು ಕಡಿಮೆ ಬಿದ್ದರೆ ಬಾಕಿ ಅವರ ಖಾತೆಯಿಂದಲೇ ಹೋಗುತ್ತದೆ. ಹಾಗಾಗಿ ಅಷ್ಟೂ ಮಂದಿ ಸೈಕಲ್ ಏರುವ ತಿಂಗಳುಗಳ ಮೊದಲೇ ನೆಂಟರಿಗೆ, ನೆರೆಹೊರೆಯವರಿಗೆ, ಕಚೇರಿಯ ಜೊತೆಗಾರರಿಗೆ ಪತ್ರ ಬರೆಯುತ್ತಾರೆ. ಸವಾರಿಯ ನಿಜವಾದ ದುಡಿಮೆ ಈ ಪತ್ರಗಳದ್ದು. ಅಪರಿಚಿತ ಸಂಸ್ಥೆಯೊಂದು ಕೈ ಚಾಚಿದರೆ ಬಾಗಿಲು ಮುಚ್ಚುವವರು, ಪಕ್ಕದ ಮನೆಯವನು ‘ನನ್ನ ತಂಗಿಯ ನೆನಪಿಗೆ 300 ಕಿ.ಮೀ. ತುಳಿಯುತ್ತೇನೆ’ ಎಂದಾಗ ಹಾಗೆ ಮುಚ್ಚಲಾರರು. ದಾರಿಯಲ್ಲಿ ನೀರು, ಹಣ್ಣು ಕೊಡಲು, ಪಂಕ್ಚರ್ ಹಾಕಲು, ಸುಸ್ತಾದವರನ್ನು ವ್ಯಾನಿಗೆ ಹತ್ತಿಸಲು ಸಾವಿರಾರು ಸ್ವಯಂಸೇವಕರಿರುತ್ತಾರೆ. ಕ್ಯಾನ್ಸರ್ ಗೆದ್ದವರೂ, ಇನ್ನೂ ಚಿಕಿತ್ಸೆಯಲ್ಲಿರುವವರೂ ಸವಾರರ ನಡುವೆ ಇರುತ್ತಾರೆ. ಅವರನ್ನು ‘ಜೀವಂತ ಸಾಕ್ಷಿ’ ಎಂದು ಕರೆಯುವ ರೂಢಿ ಅಲ್ಲಿದೆ.

ಅಷ್ಟು ಕಷ್ಟ ಪಡುವ ಬದಲು ಎಲ್ಲರೂ ಸುಮ್ಮನೆ ಚೆಕ್ ಬರೆಯಬಾರದೇ ಎಂದು ವ್ಯವಹಾರಸ್ಥರು ಕೇಳಬಹುದು. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ಡರ್ ಶಫೀರ್ 2013ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಸುಖದ ಭೋಜನಕೂಟಕ್ಕಿಂತ ನೋವು, ಶ್ರಮ ಇರುವ ಕಾರ್ಯಕ್ರಮಕ್ಕೆ ಜನ ಹೆಚ್ಚು ಹಣ ಕೊಡಲು ಸಿದ್ಧರಿರುತ್ತಾರೆ ಎಂಬುದು ಅವರಿಗೆ ಕಂಡುಬಂತು. ಅರ್ಥಶಾಸ್ತ್ರಕ್ಕೆ ಇದು ಒಗಟು. ಧರ್ಮಸ್ಥಳದ ದಾರಿಯಲ್ಲಿ ಕಾಲಿಗೆ ಬೊಬ್ಬೆ ಬಂದವರಿಗೆ ಅಲ್ಲ.

ಕಥೆ ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಬೆವರಿನಿಂದ ಬಂದ ಹಣದಲ್ಲಿ ಎಷ್ಟು ಭಾಗ ರೋಗಿಯನ್ನು ತಲುಪುತ್ತದೆ ಎಂಬ ಜಗಳ ಅಮೆರಿಕದ ಇನ್ನೊಂದು ಕರಾವಳಿಯಲ್ಲಿ ಎದ್ದಿತು. ಡ್ಯಾನ್ ಪಲೊಟ್ಟಾ 1983ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಗಳ ಜೊತೆ ಸಿಯಾಟಲ್‌ನಿಂದ ಬಾಸ್ಟನ್‌ವರೆಗೆ, ಹಸಿವಿನ ವಿರುದ್ಧ ಹೋರಾಡುವ ಆಕ್ಸ್‌ಫಾಮ್ ಸಂಸ್ಥೆಗಾಗಿ ಸೈಕಲ್ ತುಳಿದವರು. 1994ರಲ್ಲಿ ಅವರು ಸ್ಯಾನ್‌ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲಿಸ್‌ಗೆ ಏಳು ದಿನಗಳ ‘ಏಡ್ಸ್ ಸವಾರಿ’ ಏರ್ಪಡಿಸಿದರು. ಆ ವರ್ಷ ಅಮೆರಿಕದಲ್ಲಿ 25ರಿಂದ 44ರ ಪ್ರಾಯದವರ ಸಾವಿಗೆ ಏಡ್ಸ್ ಮೊದಲನೆಯ ಕಾರಣವಾಗಿತ್ತು. ಪರಿಣಾಮಕಾರಿ ಔಷಧಿಗಳ ಜೋಡಣೆ ಇನ್ನೂ ಬಂದಿರಲಿಲ್ಲ. ಸೋಂಕಿತರನ್ನು ಮುಟ್ಟಲು ಜನ ಅಂಜುತ್ತಿದ್ದ ದಿನಗಳಲ್ಲಿ ಸೋಂಕಿತರೂ ಅಲ್ಲದವರೂ ಒಂದೇ ಡೇರೆಯ ಊರಿನಲ್ಲಿ ಉಂಡು, ಮಲಗಿ, ಬೆಳಿಗ್ಗೆ ಒಟ್ಟಿಗೆ ಗುಡ್ಡ ಹತ್ತಿದರು. ಆ ಏಳು ದಿನಗಳ ಬೆಲೆಯನ್ನು ಡಾಲರಿನಲ್ಲಿ ಅಳೆಯುವುದು ಕಷ್ಟ.

ಪಲೊಟ್ಟಾರದು ಲಾಭದ ಕಂಪನಿ. ಅವರು ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟರು, ಸಂಬಳದ ನೌಕರರನ್ನು ಇಟ್ಟರು, ಜಿನ್ ತಯಾರಿಸುವ ಕಂಪನಿಯ ಪ್ರಾಯೋಜನೆ ಪಡೆದರು. (ರೋಗಿಗಳಿಗಾಗಿ ನಡೆಯುವ ಸವಾರಿಗೆ ಮದ್ಯದ ಹೆಸರು ಬೇಕಿತ್ತೇ ಎಂದು ಕೇಳಿದವರನ್ನು ತಪ್ಪೆನ್ನಲಾಗದು.) ಸವಾರಿಗಳು ಬೇರೆ ನಗರಗಳಿಗೆ ಹಬ್ಬಿದವು. ಕೆಲವೆಡೆ ಸಂಗ್ರಹದ ಅರ್ಧಕ್ಕಿಂತ ಕಡಿಮೆ ಹಣ ಏಡ್ಸ್ ಸಂಸ್ಥೆಗಳನ್ನು ತಲುಪಿದ್ದು ಬಯಲಾದಾಗ ಸವಾರರೂ ದಾನಿಗಳೂ ಕೆರಳಿದರು. 2002ರಲ್ಲಿ ಕಂಪನಿ ಬಾಗಿಲು ಹಾಕಿತು. ಕ್ಯಾಲಿಫೋರ್ನಿಯಾದ ಎರಡು ಫಲಾನುಭವಿ ಸಂಸ್ಥೆಗಳು ಅದೇ ವರ್ಷ ತಾವೇ ‘ಏಡ್ಸ್/ಲೈಫ್‌ಸೈಕಲ್’ ಎಂಬ ಸವಾರಿ ಆರಂಭಿಸಿದ್ದವು.

ಪಲೊಟ್ಟಾ ಸುಮ್ಮನಿರಲಿಲ್ಲ. 2008ರಲ್ಲಿ ಪುಸ್ತಕ ಬರೆದರು, 2013ರಲ್ಲಿ ಬಹು ಜನ ಕೇಳಿದ ಉಪನ್ಯಾಸ ಕೊಟ್ಟರು. ನೂರಕ್ಕೆ 5 ಮಾತ್ರ ಖರ್ಚಾಗುವ ಚಿಕ್ಕ ತಿಂಡಿ ಮಾರಾಟ ಪವಿತ್ರ, ನೂರಕ್ಕೆ 40 ಖರ್ಚಾದರೂ ಕೋಟಿಗಟ್ಟಲೆ ತರುವ ಉದ್ಯಮ ಪಾಪ ಎನ್ನುವುದು ಯಾವ ನ್ಯಾಯ ಎಂಬುದು ಅವರ ವಾದ. ತಮ್ಮ ಕಾರ್ಯಕ್ರಮಗಳಲ್ಲಿ ಒಂಬತ್ತು ವರ್ಷಗಳಲ್ಲಿ 1.82 ಲಕ್ಷ ಮಂದಿ ಭಾಗವಹಿಸಿ 58 ಕೋಟಿ ಡಾಲರ್ ಕೂಡಿಸಿದರೆಂದು ಅವರು ಲೆಕ್ಕ ಕೊಟ್ಟರು. ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರಲ್ಲೊಂದು ಬಿರುಕಿದೆ. ತಿಂಡಿ ಕೊಳ್ಳುವವರು ತಿಂಡಿಗೆ ದುಡ್ಡು ಕೊಡುತ್ತಾರೆ. ಸವಾರನಿಗೆ ಕೊಡುವವರು ಅವನ ಮಾತಿಗೆ ಕೊಡುತ್ತಾರೆ. ‘ನಿನ್ನ ನೂರು ಡಾಲರಿನಲ್ಲಿ ನಲವತ್ತು ಜಾಹೀರಾತಿಗೆ’ ಎಂದು ಅವನು ಪತ್ರದಲ್ಲಿ ಬರೆದಿರಲಿಲ್ಲ.

ಸ್ಟಾರ್ ಈ ಬಿರುಕನ್ನು ಬೇಗ ಗುರುತಿಸಿದರೆಂದು ಕಾಣುತ್ತದೆ. 2007ರಿಂದ ಅವರ ಸವಾರಿಯಲ್ಲಿ ಸವಾರರು ಕೂಡಿಸಿದ ಹಣದ ಪ್ರತಿ ಡಾಲರೂ ಆಸ್ಪತ್ರೆಗೆ ಹೋಗುತ್ತದೆ. ಹಾಗೆಂದು ಖರ್ಚು ಮಾಯವಾಗಿಲ್ಲ. ಪ್ರಾಯೋಜಕ ಕಂಪನಿಗಳು ಮತ್ತು ಸವಾರರು ಕಟ್ಟುವ ನೋಂದಣಿ ಶುಲ್ಕ ಅದನ್ನು ಹೊರುತ್ತವೆ. ಲೆಕ್ಕದ ಒಂದು ಪುಟದ ಹೊರೆ ಇನ್ನೊಂದು ಪುಟಕ್ಕೆ ಸರಿದಿದೆ, ಅಷ್ಟೆ. ಆದರೂ ಪಕ್ಕದ ಮನೆಯವನು ಬರೆದ ಪತ್ರ ಸುಳ್ಳಾಗುವುದಿಲ್ಲ. ದಾನಿಗಳಿಗೆ ಬೇಕಾದದ್ದು ಬಹುಶಃ ಇದೇ. ಜಿಮ್ಮಿ ನಿಧಿಯ ವಾರ್ಷಿಕ ಆದಾಯದ ಅರ್ಧಕ್ಕೂ ಹೆಚ್ಚು ಈ ಒಂದು ಸವಾರಿಯಿಂದ ಬರುತ್ತಿದೆ. ಫಾರ್ಬರ್ ಕಾಲದಲ್ಲಿ ವಾರಗಳ ಲೆಕ್ಕದಲ್ಲಿ ಸಾಯುತ್ತಿದ್ದಂಥ ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ, ಹೆಚ್ಚು ಸಾಮಾನ್ಯವಾದ ಬಗೆಯದಾದರೆ, ಹತ್ತಕ್ಕೆ ಒಂಬತ್ತು ಮಂದಿ ಇಂದು ಅಮೆರಿಕದಲ್ಲಿ ಬದುಕುತ್ತಾರೆ.

ಪಶ್ಚಿಮ ಕರಾವಳಿಯ ಸವಾರಿಯ ಗತಿ ಬೇರೆಯಾಯಿತು. ಔಷಧಿಗಳು ಬಂದು ಏಡ್ಸ್ ಭೀತಿ ಇಳಿದಂತೆ ಸವಾರರ ಸಂಖ್ಯೆಯೂ ಇಳಿಯಿತು. ಡೇರೆ, ಊಟ, ಲಾರಿಗಳ ವೆಚ್ಚ ಮಾತ್ರ ಏರುತ್ತ ಹೋಯಿತು. ಕಾಯಿಲೆ ಪಳಗಿದ್ದಕ್ಕೆ ಸವಾರಿ ಸೊರಗಿತೆಂದರೆ ಅದು ಸೋಲೋ ಗೆಲುವೋ ಹೇಳುವುದು ಕಷ್ಟ. 2025ರ ಜೂನ್‌ನಲ್ಲಿ 545 ಮೈಲಿಗಳ, ಎಂದರೆ ಸುಮಾರು 877 ಕಿ.ಮೀ. ದೂರದ ಕೊನೆಯ ಸವಾರಿ ಲಾಸ್ ಏಂಜಲಿಸ್ ತಲುಪಿತು. ಮೂರು ದಶಕಗಳಲ್ಲಿ ಅದು ಮತ್ತು ಅದಕ್ಕೆ ಮುಂಚಿನ ಸವಾರಿ ಸೇರಿ ತಂದದ್ದು 30 ಕೋಟಿ ಡಾಲರಿಗೂ ಹೆಚ್ಚು. ಸೋಂಕಿನ ಪರೀಕ್ಷೆ, ಔಷಧಿ, ಆರೈಕೆಗೆ ಬಳಕೆಯಾಗುತ್ತಿದ್ದ ಆ ಹಣದ ಜಾಗಕ್ಕೆ ಬೇರೆ ಹಣ ಹುಡುಕುವ ಕೆಲಸ ಈಗ ಎರಡೂ ನಗರಗಳ ಸಂಸ್ಥೆಗಳ ಪಾಲಿಗೆ ಬಂದಿದೆ.