ಅಳಿಗುಳಿಮಣೆ ಮಾರಿದವರು

ನಮ್ಮವ್ವನ ಅಳಿಗುಳಿಮಣೆಗೆ 14 ಗುಳಿ. ಅದು ಅವಳ ತಾಯಿಯ ಕಾಲದ್ದು. ಕಾಯಿ ಅಂದ್ರೆ ಹುಣಸೆಬೀಜ. ಗುಂಡ್ಲುಪೇಟೆ ಕಡೆಯ ನಮ್ಮೂರಲ್ಲಿ ಆಟಕ್ಕೆ ಯಾರೂ ಕಾಸು ಬಿಚ್ಚುತ್ತಿರಲಿಲ್ಲ. ಹುಲಿ-ಕುರಿ ಆಟದ ಗೆರೆ ದೇವಸ್ಥಾನದ ಜಗಲಿಕಲ್ಲಿನಲ್ಲೇ ಇತ್ತು. ನಾಲ್ಕು ಕಲ್ಲುಚೂರು ಆಯ್ಕೊಂಡ್ರೆ ಆಟ ಶುರು.

ಬೆಂಗಳೂರಿನ ಆಫೀಸಿನಲ್ಲಿ ಗೆಳೆಯನೊಬ್ಬ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರ ಡಬ್ಬಿಗೆ ಸಾವಿರಾರು ರೂಪಾಯಿ ಕೊಟ್ಟಿದ್ದ. ಅವನ್ನಿಟ್ಟುಕೊಂಡು ಮೇಜಿನ ಮೇಲೆ ಯುದ್ಧ ಆಡುವುದಂತೆ, ಹೆಸರು ವಾರ್‌ಹ್ಯಾಮರ್. ಅದನ್ನು ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಚರಿತ್ರೆ ಓದಿ ಬೆರಗಾದೆ. 1975ರಲ್ಲಿ ಲಂಡನ್ನಿನ ಮೂವರು ಗೆಳೆಯರು ಅದನ್ನು ಕಟ್ಟಿದಾಗ ಮಾರಿದ್ದು ಮರದ ಆಟದ ಮಣೆಗಳನ್ನು. ಅವುಗಳಲ್ಲಿ ಮಂಕಾಲಾ ಕೂಡ ಒಂದು. ಅಂದ್ರೆ ನಮ್ಮ ಅಳಿಗುಳಿಮಣೆಯ ದಾಯಾದಿ!

ಮಣೆಯ ವ್ಯಾಪಾರಕ್ಕೆ ಒಂದು ತೊಡಕಿದೆ. ಒಂದು ಮಣೆ ಎರಡು ತಲೆಮಾರು ಬಾಳುತ್ತೆ, ಕೊಂಡವರು ಮತ್ತೆ ಅಂಗಡಿಗೆ ಬರಲ್ಲ. ಈ ಗೆಳೆಯರು ಆಟದ ಬಗ್ಗೆ ಒಂದು ಪುಟ್ಟ ಪತ್ರಿಕೆಯನ್ನೂ ತಂದರು. ಅದು ಅಮೆರಿಕಕ್ಕೆ ತಲುಪಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಯುರೋಪಿನಲ್ಲಿ ಮಾರುವ ಹಕ್ಕು ಸಿಕ್ಕಿತು. 1978ಕ್ಕೆ ಸ್ವಂತ ಅಂಗಡಿ, 1979ಕ್ಕೆ ಗೊಂಬೆ ಎರಕ ಹೊಯ್ಯುವ ಸಿಟಾಡೆಲ್, 1983ಕ್ಕೆ ವಾರ್‌ಹ್ಯಾಮರ್. ಗೊಂಬೆ ಬಿಡಿಭಾಗಗಳಾಗಿ, ಬಣ್ಣವಿಲ್ಲದೆ ಬರುತ್ತೆ. ಅಂಟು, ಬಣ್ಣ, ಕುಂಚ ಎಲ್ಲಾ ಅದೇ ಅಂಗಡಿಯಲ್ಲಿ. ಆಡೋದನ್ನೂ ಅಲ್ಲೇ ಮೇಜು ಹಾಕಿ ಕಲಿಸ್ತಾರೆ. ಕೆಲವು ವರ್ಷಕ್ಕೊಮ್ಮೆ ನಿಯಮದ ಪುಸ್ತಕ ಬದಲಾಗುತ್ತೆ. ಕೊಂಡವನ ಸೈನ್ಯ ಪೂರ್ತಿ ಆಗೋದೇ ಇಲ್ಲ. 2024ರ ಡಿಸೆಂಬರಿನಲ್ಲಿ ಈ ಕಂಪನಿ ಲಂಡನ್ ಷೇರುಪೇಟೆಯ 100 ದೊಡ್ಡ ಕಂಪನಿಗಳ ಸಾಲಿಗೆ ಸೇರಿತು.

ಹೊಸ ಆಟ ಕಟ್ಟುವ ಬುದ್ಧಿ ನಮ್ಮಲ್ಲಿ ಇರಲಿಲ್ಲವೇ? 1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಒಗಟು ಹೆಣೆದವರು. ಬಗೆಬಗೆಯ ಗಂಜೀಫಾ ಆಟ ರಚಿಸಿದರು, ಒಂದು ಕಟ್ಟಿನಲ್ಲಿ 360 ಎಲೆಯವರೆಗೂ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರ ಇದೆ. ಆದರೆ ಕೈಯಲ್ಲಿ ಚಿತ್ರ ಬರೆದ ಆ ಎಲೆಗಳು ನಮ್ಮೂರ ಜಗಲಿಗಂತೂ ಬರಲಿಲ್ಲ. ಅರಮನೆಯ ಆಟವನ್ನು ಮಾರುವವರಿರಲಿಲ್ಲ, ಜಗಲಿಯ ಆಟವನ್ನು ಮಾರುವ ಅಗತ್ಯವೇ ಇರಲಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳಲ್ಲಿ ಹಳೆಯ ಆಟಗಳ ಮಣೆಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಮತ್ತೆ ಜನರ ಮುಂದೆ ಇಟ್ಟಿತು. ನಾನೂ ಮಗಳಿಗೆ ಅಂತ ಒಂದು ಅಳಿಗುಳಿಮಣೆ ತಂದೆ.

ಆಡಲು ಕೂತರೆ ಅರ್ಧ ನಿಯಮ ಮರೆತುಹೋಗಿತ್ತು. ಊರಿಗೆ ಫೋನ್ ಮಾಡಿದೆ. ಮಣೆಯ ಬೆಲೆ ಕೇಳಿ ಅವ್ವ ಮೊದಲು ಬೈದಳು. ಆಮೇಲೆ ಅಂದಳು: "ಫೋನಲ್ಲಿ ಹೆಂಗಪ್ಪ ಹೇಳದು? ಮಗೀನ ಕರ್ಕೊಂಡು ಬಾ. ಆಡ್ತಾ ಆಡ್ತಾ ಹೇಳ್ಕೊಡ್ತೀನಿ."