ಇರಾನಿನ ಕುಟುಂಬ ಯೋಜನೆ: ಪ್ರಭುತ್ವದ ನೀತಿ ಮತ್ತು ಕುಟುಂಬದ ನಿರ್ಧಾರ

ಮುಸ್ಲಿಂ ಸಮಾಜಗಳಲ್ಲಿ ಕುಟುಂಬದ ಗಾತ್ರವನ್ನು ಧರ್ಮವೇ ನಿರ್ಧರಿಸುತ್ತದೆಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಲಿತವಾಗಿದೆ. ಇರಾನಿನ ಆಧುನಿಕ ಚರಿತ್ರೆಯು ಈ ಅಭಿಪ್ರಾಯವನ್ನು ಪುನರ್ವಿಮರ್ಶೆಗೆ ಒಳಪಡಿಸುತ್ತದೆ.

ಷಾ ಆಡಳಿತವು 1967ರಲ್ಲಿ ಆರಂಭಿಸಿದ ಕುಟುಂಬ ಯೋಜನೆಯ ಪ್ರಭಾವ ಗ್ರಾಮಾಂತರ ಪ್ರದೇಶಗಳಲ್ಲಿ ಸೀಮಿತವಾಗಿತ್ತು. 1979ರ ಕ್ರಾಂತಿಯ ಅನಂತರ ಈ ಕಾರ್ಯಕ್ರಮ ಮೂಲೆಗುಂಪಾಯಿತು. ಗರ್ಭನಿರೋಧಕ ಬಳಕೆ ನಿಷಿದ್ಧವಲ್ಲವೆಂದು ಖೊಮೇನಿಯವರು ಷರತ್ತುಗಳೊಡನೆ ಅಭಿಪ್ರಾಯ ನೀಡಿದ್ದರೂ, ಬಾಲಕಿಯರ ವಿವಾಹದ ಕನಿಷ್ಠ ವಯಸ್ಸನ್ನು ಇಳಿಸಲಾಯಿತು. ಇರಾಕಿನೊಡನೆ ನಡೆದ ಯುದ್ಧದ ಕಾಲದ (1980-88) ತಲಾವಾರು ಪಡಿತರ ದೊಡ್ಡ ಕುಟುಂಬಗಳಿಗೆ ಅನುಕೂಲವಾಯಿತು. 1976ರಲ್ಲಿ ಸುಮಾರು 3.4 ಕೋಟಿಯಷ್ಟಿದ್ದ ಜನಸಂಖ್ಯೆ 1986ರ ಜನಗಣತಿಯಲ್ಲಿ 4.9 ಕೋಟಿಯನ್ನು ಮೀರಿತು. ಅಫ್ಘನ್ ನಿರಾಶ್ರಿತರ ಆಗಮನವೂ ಈ ಏರಿಕೆಗೆ ಒಂದು ಕಾರಣವಾಗಿತ್ತು.

ಯುದ್ಧದಿಂದ ಬಳಲಿದ್ದ ಆರ್ಥಿಕ ವ್ಯವಸ್ಥೆ ಈ ಭಾರವನ್ನು ತಾಳಲಾರದೆಂಬುದು ಯೋಜನಾಕಾರರಿಗೆ ಮನವರಿಕೆಯಾಯಿತು. 1988ರಲ್ಲಿ ಮಶಹದ್ ನಗರದಲ್ಲಿ ಜನಸಂಖ್ಯೆಯನ್ನು ಕುರಿತ ವಿಚಾರ ಸಂಕಿರಣ ನಡೆಯಿತು. 1989ರಲ್ಲಿ ಕಾರ್ಯಕ್ರಮಕ್ಕೆ ಮರುಚಾಲನೆ ದೊರೆಯಿತು. ಗ್ರಾಮಗಳ ‘ಆರೋಗ್ಯ ಗೃಹ’ಗಳಲ್ಲಿ ‘ಬೆಹ್‌ವರ್ಜ್’ ಎಂಬ ಸ್ಥಳೀಯ ಆರೋಗ್ಯ ಕಾರ್ಯಕರ್ತರು ಗರ್ಭನಿರೋಧಕಗಳನ್ನು ಉಚಿತವಾಗಿ ವಿತರಿಸಿದರು. 1993ರ ಕಾಯಿದೆಯು ಮೂರಕ್ಕಿಂತ ಹೆಚ್ಚು ಮಕ್ಕಳಿಗೆ ದೊರೆಯುತ್ತಿದ್ದ ಹಲವು ಸೌಲಭ್ಯಗಳನ್ನು ಹಿಂತೆಗೆದುಕೊಂಡಿತು. 1980ರ ದಶಕದ ಆರಂಭದಲ್ಲಿ ಆರನ್ನು ಮೀರಿದ್ದ, ಸ್ತ್ರೀಯೊಬ್ಬಳಿಗೆ ಜನಿಸುವ ಮಕ್ಕಳ ಸರಾಸರಿ ಸಂಖ್ಯೆ 2000ದ ಸುಮಾರಿಗೆ ಎರಡರ ಸಮೀಪಕ್ಕೆ ಇಳಿಯಿತು.

ಆದರೆ ಈ ಇಳಿಕೆಯ ಶ್ರೇಯಸ್ಸು ಸಂಪೂರ್ಣವಾಗಿ ಸರ್ಕಾರಕ್ಕೆ ಸಲ್ಲತಕ್ಕದ್ದಲ್ಲ. 1980ರ ದಶಕದ ಮಧ್ಯಭಾಗದಲ್ಲಿಯೇ, ಅಂದರೆ ಅಧಿಕೃತ ನೀತಿ ಬದಲಾಗುವ ಮೊದಲೇ, ಜನನ ಪ್ರಮಾಣ ಇಳಿಯತೊಡಗಿತ್ತೆಂದು ಜನಸಂಖ್ಯಾ ಶಾಸ್ತ್ರಜ್ಞರು ತೋರಿಸಿದ್ದಾರೆ. ಹೆಣ್ಣುಮಕ್ಕಳ ಶಿಕ್ಷಣದ ವಿಸ್ತರಣೆ, ಶಿಶುಮರಣದ ಇಳಿಕೆ, ಜೀವನವೆಚ್ಚದ ಏರಿಕೆ, ಇವು ಚಿಕ್ಕ ಕುಟುಂಬದ ಅಪೇಕ್ಷೆಯನ್ನು ಬೆಳೆಸಿದ್ದವು. ಈಗಾಗಲೇ ಮೂಡಿದ್ದ ಆ ಅಪೇಕ್ಷೆಗೆ ಸರ್ಕಾರ ಸಾಧನವನ್ನು ಒದಗಿಸಿತು.

ಮುಂದಿನ ಬೆಳವಣಿಗೆಗಳು ಇದನ್ನೇ ಸಮರ್ಥಿಸುತ್ತವೆ. ಜನಸಂಖ್ಯೆ ವೃದ್ಧರದಾಗುವುದೆಂಬ ಆತಂಕದಿಂದ 2012ರಲ್ಲಿ ಪ್ರಭುತ್ವ ನೀತಿಯನ್ನು ತಿರುಗಿಸಿತು. 2021ರ ಕಾಯಿದೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿನ ಉಚಿತ ವಿತರಣೆಯನ್ನು ನಿರ್ಬಂಧಿಸಿತು. ಆದರೂ ದೊಡ್ಡ ಕುಟುಂಬ ಮರಳಿ ಬರಲಿಲ್ಲ. ಉಚಿತ ಸೇವೆಯನ್ನೇ ನಂಬಿದ್ದ ಬಡ ಸ್ತ್ರೀಯರ ಆಯ್ಕೆ ಮಾತ್ರ ಸಂಕುಚಿತಗೊಂಡಿತು. ಪ್ರಭುತ್ವವು ಸಾಧನವನ್ನು ಕೊಡಬಲ್ಲದು, ಕಸಿಯಲೂಬಲ್ಲದು. ಕುಟುಂಬದ ಅಪೇಕ್ಷೆಯನ್ನು ಆಜ್ಞೆಯಿಂದ ಬದಲಿಸಲಾರದೆಂಬುದು ಇರಾನಿನ ಅನುಭವದಿಂದ ವ್ಯಕ್ತವಾಗುತ್ತದೆ.