ಪಟ್ಟಿಗೆ ಸಿಗದ್ದು, ಪರೀಕ್ಷೆಗೆ ಸಿಕ್ಕಿದ್ದು

ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಚೌಕವಾಗಿ ಜೋಡಿಸಿದ ಮಾತೃಕೆಯು ಒಂದು ರೂಪಾಂತರವನ್ನು ಸೂಚಿಸುತ್ತದೆ. ನಿರ್ದೇಶಾಕ್ಷಗಳನ್ನು ಬದಲಿಸಿದರೆ ಸಂಖ್ಯೆಗಳು ಬದಲಾಗುತ್ತವೆ, ರೂಪಾಂತರ ಬದಲಾಗದು. ಹೀಗೆ ಒಂದೇ ರೂಪಾಂತರದ ಎರಡು ವೇಷಗಳಾದ ಮಾತೃಕೆಗಳನ್ನು ಸದೃಶವೆನ್ನುತ್ತೇವೆ. ವೇಷದ ಹಿಂದಿರುವುದು ಒಂದೇ ಎಂದು ತಿಳಿಯುವುದು ಹೇಗೆ?

ಒಂಟಿ ಮಾತೃಕೆಯ ಮಟ್ಟಿಗೆ 1868ರಲ್ಲಿ ವೈಯರ್‌ಸ್ಟ್ರಾಸ್, 1870ರಲ್ಲಿ ಕಾಮೀಯ್ ಜೋರ್ದಾಂ ಉತ್ತರ ಕೊಟ್ಟರು. ಪ್ರತಿಯೊಂದಕ್ಕೂ ಒಂದು ಪ್ರಮಾಣಿತ ರೂಪವುಂಟು. ಆ ರೂಪಗಳು ಒಂದೇ ಆದರೆ ಮಾತೃಕೆಗಳು ಸದೃಶ. ಹೀಗೆ ಸಮಗ್ರವಾದ ಪಟ್ಟಿಯೇ ಸಿದ್ಧವಾಯಿತು.

ಜೋಡಿಗಳ ವಿಷಯ ಬೇರೆ. ಅಲ್ಲಿ ಎರಡು ಮಾತೃಕೆಗಳಿಗೂ ಒಂದೇ ಅಕ್ಷಬದಲಾವಣೆ ಒಪ್ಪಬೇಕು. ಎರಡು ಸಾಲು, ಎರಡು ಕಂಬಗಳ ಮಾತೃಕೆಯಲ್ಲಿ ಮೇಲಿನ ಬಲಮೂಲೆಗೆ 1, ಉಳಿದೆಡೆ ಸೊನ್ನೆ ಇಡೋಣ, ಇದು ‘ಅ’. ಆ 1 ಕೆಳಗಿನ ಎಡಮೂಲೆಗೆ ಬಂದರೆ ‘ಬ’. ಬಿಡಿಯಾಗಿ ಇವೆರಡೂ ಸದೃಶ. ಆದರೂ (ಅ, ಅ) ಜೋಡಿ (ಅ, ಬ) ಜೋಡಿಗೆ ಸದೃಶವಲ್ಲ: ಮೊದಲನೆಯದರ ಗುಣಲಬ್ಧ ಸೊನ್ನೆ, ಎರಡನೆಯದರದು ಸೊನ್ನೆಯಲ್ಲ.

ಜೋಡಿಗಳಿಗೂ ಪಟ್ಟಿ ದೊರೆತೀತೆಂಬ ಆಸೆಗೆ 1969ರಲ್ಲಿ ಗೆಲ್ಫಾಂಡ್ ಮತ್ತು ಪೊನೊಮರೆವ್ ಪೆಟ್ಟು ಕೊಟ್ಟರು. ಗುಣಿಸುವ ಕ್ರಮ ಬದಲಿಸಿದರೂ ಫಲ ಬದಲಾಗದಂಥ ಸಾಧು ಜೋಡಿಗಳನ್ನು ವರ್ಗೀಕರಿಸಿದರೂ ಸಾಕು, ಎಷ್ಟೇ ಮಾತೃಕೆಗಳ ಗುಂಪುಗಳನ್ನಾದರೂ ವರ್ಗೀಕರಿಸಿದಂತೆ ಎಂದು ಅವರು ತೋರಿಸಿದರು. ಇಂಥವಕ್ಕೆ ಮುಂದೆ ‘ಪಳಗದ’ ಸಮಸ್ಯೆಗಳೆಂಬ ಹೆಸರು ಬಂತು.

ಕಥೆ ಇಲ್ಲಿಗೇ ಮುಗಿಯಿತೆಂದು ನಾವು ತಿಳಿದರೆ ತಪ್ಪಾದೀತು. ಎಲ್ಲ ಜೋಡಿಗಳ ಪಟ್ಟಿ ಕೇಳದೆ, ಎದುರಿಗಿರುವ ಎರಡನ್ನೇ ಹೋಲಿಸಿ ಎಂದರೆ ಸಮಸ್ಯೆ ಮೆತ್ತಗಾಗುತ್ತದೆ. ಬೇಕಾದ ಅಕ್ಷಬದಲಾವಣೆಯನ್ನು ‘ಕ್ಷ’ ಎನ್ನೋಣ. ‘ಕ್ಷ’ದಿಂದ ಮೊದಲ ಗುಂಪಿನ ಪ್ರತಿ ಮಾತೃಕೆಯನ್ನು ಎಡದಲ್ಲಿ ಗುಣಿಸಿದ ಫಲವೂ, ಎರಡನೆಯ ಗುಂಪಿನ ಜೊತೆಗಾರನನ್ನು ಬಲದಲ್ಲಿ ಗುಣಿಸಿದ ಫಲವೂ ಸಮವಾಗಬೇಕು. ಇವೆಲ್ಲ ರೇಖೀಯ ಸಮೀಕರಣಗಳು, ಬಿಡಿಸುವುದು ಸುಲಭ. ಪರಿಹಾರಗಳಲ್ಲಿ ವಿಲೋಮವುಳ್ಳದ್ದೊಂದು ಇದೆಯೇ ಎಂಬುದಷ್ಟೇ ಉಳಿಯುವ ಪ್ರಶ್ನೆ. ಭಿನ್ನರಾಶಿಗಳ ಲೋಕದಲ್ಲಿ, ಅಂಥದು ಇದ್ದರೆ, ಸಾಕಷ್ಟು ವಿಸ್ತಾರದಿಂದ ಕಣ್ಣುಮುಚ್ಚಿ ಆಯ್ದ ಪರಿಹಾರವೂ ಬಹುತೇಕ ಅಂಥದೇ ಆಗಿರುತ್ತದೆ. ಅದೃಷ್ಟದ ಈ ನೆರವೂ ಬೇಡವೆಂಬಂತೆ 1997ರಲ್ಲಿ ಚಿಸ್ಟೋವ್, ಇವಾನ್ಯೋಷ್, ಕಾರ್ಪಿನ್ಸ್ಕಿ, 2008ರಲ್ಲಿ ಬ್ರೂಕ್ಸ್‌ಬ್ಯಾಂಕ್ ಮತ್ತು ಲ್ಯೂಕ್ಸ್ ಖಚಿತ ಕ್ರಮವಿಧಿಗಳನ್ನು ಕೊಟ್ಟರು.

ನೂರು ವರ್ಷಗಳ ಕಾಲ ಪಟ್ಟಿಯೇ ತಿಳಿವಿನ ಪ್ರಮಾಣವೆನಿಸಿತ್ತು. ಪಟ್ಟಿ ಮರೀಚಿಕೆಯಾದ ಮೇಲೂ ಗುರುತಿಸುವ ಶಕ್ತಿ ನಮ್ಮ ಕೈಯಲ್ಲೇ ಉಳಿಯಿತು. ಅಸಾಧ್ಯವೆಂದು ಕೈಚೆಲ್ಲುವ ಮೊದಲು, ಅಸಾಧ್ಯವಾದದ್ದು ಯಾವ ಪ್ರಶ್ನೆಯೆಂದು ಕೇಳಿಕೊಳ್ಳಲು ಈ ಚರಿತ್ರೆ ನಮಗೆ ಕಲಿಸುತ್ತದೆ.